ವಿಷಯ ನಂದು, ಸಹಿ ಗೈಡ್‌ದು

ಪಿಎಚ್‌ಡಿ ಮಾಡ್ತಿದ್ದೀನಿ ಅಂದ ಕೂಡಲೇ ನೆಂಟರ ಮನೆಯಲ್ಲಿ ಕೇಳೋ ಮೊದಲ ಪ್ರಶ್ನೆ, ‘ಯಾವಾಗ ಮುಗಿಯುತ್ತೆ?’ ಎರಡನೇದು, ‘ಮುಗಿದ ಮೇಲೆ ಸಂಬಳ ಜಾಸ್ತಿ ಆಗುತ್ತಾ?’ ಮೂರನೇ ಪ್ರಶ್ನೆ ‘ಯಾವುದರ ಮೇಲೆ ಮಾಡ್ತಿದ್ದೀಯ?’ ಅನ್ನೋದು ಬರೋ ಹೊತ್ತಿಗೆ ಸಾಮಾನ್ಯವಾಗಿ ಊಟಕ್ಕೆ ಎಲೆ ಹಾಕಿರುತ್ತಾರೆ. ಒಳ್ಳೇದೇ ಆಯಿತು. ಯಾಕಂದ್ರೆ ಆ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ, ನನ್ನ ಗೈಡ್ ಹತ್ತಿರ ಇನ್ನೊಂದು. ಎರಡೂವರೆ ವರ್ಷದಿಂದ ಈ ಎರಡು ಉತ್ತರಗಳನ್ನು ಒಂದೇ ಕಾಗದದ ಮೇಲೆ ತರೋದೇ ನನ್ನ ಸಂಶೋಧನೆಯ ಅರ್ಧ ಕೆಲಸ ಆಗಿಬಿಟ್ಟಿದೆ.

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ಕೆಲವು ವರ್ಷ ಕೋಡ್ ಬರೆದ ಮೇಲೆ ಪಾರ್ಟ್ ಟೈಮ್ ಪಿಎಚ್‌ಡಿಗೆ ಸೇರಿಕೊಂಡೆ. ಸೋಮವಾರದಿಂದ ಶುಕ್ರವಾರ ಆಫೀಸು, ಶನಿವಾರ ಕಾಲೇಜು, ಭಾನುವಾರ ಬಟ್ಟೆ ಒಗೆಯೋದು ಮತ್ತು ಪೇಪರ್ ಓದೋದು. ಗಂಡ ದೋಸೆ ಹಿಟ್ಟು ರುಬ್ಬೋದನ್ನು ಕಲಿತದ್ದು ಈ ಪಿಎಚ್‌ಡಿಯ ಇಲ್ಲಿಯವರೆಗಿನ ಏಕೈಕ ನಿರ್ವಿವಾದ ಫಲಿತಾಂಶ.

ನನಗೆ ಹುಚ್ಚು ಹಿಡಿಸಿದ್ದು ಕನ್ನಡ. ಸಾಹಿತ್ಯ ಅಲ್ಲ, ಕಂಪ್ಯೂಟರ್ ಒಳಗಿನ ಕನ್ನಡ. ‘ಕನ್ನಡ’ ಅನ್ನೋ ಪದವನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಒಂದು ವಿರಾಮ ಚಿಹ್ನೆ, ಮತ್ತೆ ನ, ಆಮೇಲೆ ಡ. ನಾವೆಲ್ಲ ಬಳಸೋ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15 ಬೈಟ್. ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 7 ಬೈಟ್ ಸಾಕು. ಇನ್ನು ‘ಮನೆಯಲ್ಲಿದ್ದವರಿಗೆಲ್ಲ’ ಅಂತ ನಾವು ಒಂದೇ ಉಸಿರಲ್ಲಿ, ಒಂದೇ ಪದದಲ್ಲಿ ಹೇಳಿ ಮುಗಿಸೋದನ್ನು ಇಂಗ್ಲಿಷ್‌ನವರು ಒಂದು ಸಾಲು ಮಾಡ್ತಾರೆ. ಈಗಿನ ಎಐ ಮಾದರಿಗಳು ಪಠ್ಯವನ್ನು ಓದೋ ಮೊದಲು ತುಂಡು ತುಂಡು ಮಾಡಿಕೊಳ್ಳುತ್ತವೆ. ಹೆಚ್ಚಾಗಿ ಇಂಗ್ಲಿಷ್ ತಿಂದು ಬೆಳೆದ ಮಾದರಿ ಕನ್ನಡ ಪದವನ್ನು ಕತ್ತರಿಸೋ ರೀತಿ ನೋಡಿದರೆ ಮೊಂಡು ಈಳಿಗೆಮಣೆಯಲ್ಲಿ ಹಲಸಿನಕಾಯಿ ಹೆಚ್ಚಿದ ಹಾಗಿರುತ್ತೆ. ಸಂಧಿ ಎಲ್ಲಿ, ವಿಭಕ್ತಿ ಎಲ್ಲಿ ಅನ್ನೋ ಪರಿವೆ ಇಲ್ಲ. ತುಂಡು ಜಾಸ್ತಿ ಆದಷ್ಟೂ ಖರ್ಚು ಜಾಸ್ತಿ, ವೇಗ ಕಡಿಮೆ. ಕನ್ನಡ ಪದವನ್ನು ಯಂತ್ರ ಎಲ್ಲಿ ಮುರಿಯಬೇಕು? ಇದು ನನ್ನ ಪ್ರಶ್ನೆ.

ನನ್ನ ಗೈಡ್ ಕ್ಷೇತ್ರ ಇಮೇಜ್ ಪ್ರೊಸೆಸಿಂಗ್. ಅವರ ಉಳಿದ ವಿದ್ಯಾರ್ಥಿಗಳೆಲ್ಲ ಎದೆಯ ಎಕ್ಸ್-ರೇ, ಸ್ಕ್ಯಾನ್ ಅಂತ ಕೆಲಸ ಮಾಡ್ತಾರೆ. ಹಾಗಾದ್ರೆ ಅವರ ಹತ್ತಿರ ಯಾಕೆ ಹೋದೆ ಅಂತ ನೀವು ಕೇಳಬಹುದು. ಹೊರಗಿನವರಿಗೆ ಗೊತ್ತಿರದ ಒಂದು ಸಂಗತಿ ಇದು. ನಮ್ಮಲ್ಲಿ ಗೈಡ್ ಅನ್ನು ಆರಿಸಿಕೊಳ್ಳೋದು ಮದುವೆಗೆ ಹುಡುಗನನ್ನು ನೋಡಿದ ಹಾಗಲ್ಲ, ಬಸ್ಸಿನಲ್ಲಿ ಸೀಟು ಹುಡುಕಿದ ಹಾಗೆ. ಯುಜಿಸಿ ನಿಯಮದ ಪ್ರಕಾರ ಪ್ರೊಫೆಸರ್ ಒಬ್ಬರು ಒಂದು ಸಮಯಕ್ಕೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿಮ್ಮ ವಿಷಯ ಬಲ್ಲವರ ಸೀಟು ತುಂಬಿದ್ದರೆ ಖಾಲಿ ಇದ್ದವರ ಪಕ್ಕ ಕೂರಬೇಕು. ಸಂದರ್ಶನದ ದಿನ ಅವರು ‘ಭಾಷೆನೂ ಡೇಟಾನೇ ಅಲ್ವಾ, ನೋಡೋಣ’ ಅಂದಿದ್ದರು. ಆ ‘ನೋಡೋಣ’ದ ಮೇಲೆ ನಾನು ಸೇರಿದ್ದು.

ಕೋರ್ಸ್ ವರ್ಕ್ ಮುಗಿಯೋವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಶನಿವಾರ ಕರೆದು, ‘ಈ ಕನ್ನಡದ್ದು ಯಾವ ಜರ್ನಲ್ ತಗೊಳ್ಳುತ್ತೆ? ಡೇಟಾಸೆಟ್ ಎಲ್ಲಿದೆ? ಯಾರು ರಿವ್ಯೂ ಮಾಡ್ತಾರೆ? ಎಕ್ಸ್-ರೇ ಡೇಟಾ ರೆಡಿ ಇದೆ. ಆರು ತಿಂಗಳಲ್ಲಿ ಒಂದು ಪೇಪರ್ ಬರುತ್ತೆ. ನಿನಗೂ ಕೆಲಸ, ಸಂಸಾರ ಇದೆ, ಯಾಕೆ ಕಷ್ಟ ಪಡ್ತೀಯ?’ ಅಂದರು. ದನಿ ಜೋರಿರಲಿಲ್ಲ. ನಿಜವಾದ ಕಾಳಜಿಯೇ ಇತ್ತು. ಅದೇ ತೊಂದರೆ. ಬೈದಿದ್ದರೆ ಜಗಳ ಆಡಬಹುದಿತ್ತು.

ಅವರ ಕಡೆಯಿಂದ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಸಂಶೋಧನೆಯ ಲೆಕ್ಕಕ್ಕೇ ನೂರಕ್ಕೆ 30 ಅಂಕ. ಆ ಅಂಕ ಬರೋದು ಪ್ರಕಟಣೆಗಳಿಂದ. ಆಡಳಿತ ಮಂಡಳಿ ಪ್ರಿನ್ಸಿಪಾಲರನ್ನು ಕೇಳುತ್ತೆ, ಅವರು ವಿಭಾಗದ ಮುಖ್ಯಸ್ಥರನ್ನು, ಮುಖ್ಯಸ್ಥರು ಗೈಡ್‌ಗಳನ್ನು, ಗೈಡ್ ನನ್ನನ್ನು. ನಮ್ಮ ಆಫೀಸಿನ ಟಾರ್ಗೆಟ್ ಇಳಿದು ಬರೋ ಹಾಗೇ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಮಗೆ ಗೊತ್ತಿಲ್ಲದ ವಿಷಯದ ಪ್ರಬಂಧಕ್ಕೆ ಸಹಿ ಹಾಕೋದು ಅಂದರೆ ವೈವಾದಲ್ಲಿ ಹೊರಗಿನ ಪರೀಕ್ಷಕರ ಮುಂದೆ ತಾವೂ ಕೈಕಟ್ಟಿ ಕೂತ ಹಾಗೆ. ಹುಷಾರಾದ ಗೈಡ್ ಯಾರೂ ಅದಕ್ಕೆ ಒಪ್ಪೋದಿಲ್ಲ. ಜರ್ಮನ್ ಭಾಷೆಯಲ್ಲಿ ಗೈಡ್‌ಗೆ ‘ಡಾಕ್ಟರ್-ಅಪ್ಪ’ ಅನ್ನೋ ಅರ್ಥದ ಪದ ಇದೆಯಂತೆ. ಅಪ್ಪಂದಿರ ಕಾಳಜಿಯ ಲಾಭ-ನಷ್ಟ ನಮಗೆ ಹೊಸದೇನಲ್ಲ.

ದುಡ್ಡು ಯಾರದ್ದು?

ಈ ವಿಷಯದಲ್ಲಿ ಫುಲ್ ಟೈಮ್ ಮಾಡೋ ಗೆಳೆಯ ಗೆಳತಿಯರ ಕಥೆ ಕೇಳಿದ ಮೇಲೆ ನನಗೆ ಒಂದು ಅನಿಸಿದೆ. ವಿಷಯ ಯಾರದ್ದು ಅನ್ನೋದನ್ನು ಹೆಚ್ಚಿನ ಸಲ ತೀರ್ಮಾನ ಮಾಡೋದು ದುಡ್ಡು ಯಾರದ್ದು ಅನ್ನೋದು. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಸೀನಿಯರ್ ಆದರೆ 42,000. ಇದು ವಿದ್ಯಾರ್ಥಿಯ ಹೆಸರಿಗೆ ಬರೋ ದುಡ್ಡು. ಇಂಥವರು ಗೈಡ್ ಎದುರು ಕೂತು ‘ಸರ್, ನನಗೆ ಇದು ಇಷ್ಟ’ ಅನ್ನಬಹುದು. ಆದರೆ ಗೈಡ್ ತಂದ ಪ್ರಾಜೆಕ್ಟ್ ಹಣದಲ್ಲಿ ಸೇರಿದವರ ವಿಷಯ ಬೇರೆ. ಅಲ್ಲಿ ಹಣ ಕೊಟ್ಟವರಿಗೆ ವರ್ಷಕ್ಕೊಂದು ವರದಿ ಹೋಗಬೇಕು, ಒಪ್ಪಿಕೊಂಡ ಕೆಲಸ ಮುಗಿಸಿ ತೋರಿಸಬೇಕು. ವಿದ್ಯಾರ್ಥಿಗೆ ಏನು ಇಷ್ಟ ಅನ್ನೋ ಕಾಲಂ ಆ ಫಾರಂನಲ್ಲಿ ಇರೋದಿಲ್ಲ.

ಹಾಸನದ ಕಡೆಯ ನನ್ನ ಬಿಇ ಸಹಪಾಠಿಯೊಬ್ಬ ಅಮೆರಿಕದಲ್ಲಿ ಪಿಎಚ್‌ಡಿ ಮಾಡ್ತಿದ್ದಾನೆ. ಅವನ ಫೀಸು, ಸಂಬಳ, ಇನ್ಶೂರೆನ್ಸ್ ಎಲ್ಲ ಅಡ್ವೈಸರ್ ಗ್ರಾಂಟಿನಿಂದ. ಅಡ್ವೈಸರ್ ಜೊತೆ ಸರಿಹೋಗದೆ ಬಿಟ್ಟರೆ ಬೇರೆಯವರು ಸಿಗೋವರೆಗೆ ಸಂಬಳ ಇಲ್ಲ, ಸೀಟು ಹೋದರೆ ವೀಸಾನೂ ಹೋಯಿತು. ‘ನಿನಗೇನಮ್ಮ, ತಿಂಗಳ ಕೊನೆಗೆ ಕಂಪನಿ ಸಂಬಳ ಬರುತ್ತೆ, ಧೈರ್ಯವಾಗಿ ಇಲ್ಲ ಅನ್ನು’ ಅಂತ ಅವನು ನನಗೆ ಹೇಳ್ತಾನೆ. ಮಾತು ನಿಜ. ಪಾರ್ಟ್ ಟೈಮ್‌ನವರಿಗೆ ಗೈಡ್ ಕೈಯಲ್ಲಿ ಹೊಟ್ಟೆಪಾಡು ಇಲ್ಲ. ಆದರೆ ನಮಗೆ ಇಲ್ಲದಿರೋದು ಸಮಯ. ವಾರಕ್ಕೆ ಹನ್ನೆರಡು ಗಂಟೆ ಸಿಕ್ಕರೆ ಹಬ್ಬ. ಆ ಹನ್ನೆರಡು ಗಂಟೆಯನ್ನು ಇಷ್ಟವಿಲ್ಲದ ಎಕ್ಸ್-ರೇಗೆ ಕೊಡೋದಾ? ಅದಕ್ಕೆ ಆಫೀಸಿನಲ್ಲೇ ಓವರ್‌ಟೈಮ್ ಮಾಡಬಹುದಲ್ಲ! ಸಂಬಳವೂ ಇಲ್ಲದೆ, ಇಷ್ಟವೂ ಇಲ್ಲದೆ ಯಾರಾದರೂ ಶನಿವಾರ ಕಳ್ಕೊಳ್ತಾರಾ?

ಅನುಬಂಧಕ್ಕೆ ಹೋದ ನಕ್ಷತ್ರ

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೆ ಬೇರೆಯವರ ಪಿಎಚ್‌ಡಿ ಕಥೆಗಳನ್ನು ಓದೋ ಅಭ್ಯಾಸ ಶುರುವಾಯಿತು. ಅದರಲ್ಲಿ ಜೋಸಲಿನ್ ಬೆಲ್ ಅವರದ್ದು ತಲೆಯಲ್ಲಿ ಕೂತುಬಿಟ್ಟಿದೆ.

ಉತ್ತರ ಐರ್ಲೆಂಡ್‌ನಿಂದ ಬಂದ ಬೆಲ್ ಕೇಂಬ್ರಿಜ್‌ನಲ್ಲಿ ಆಂಟನಿ ಹ್ಯೂಯಿಶ್ ಅವರ ವಿದ್ಯಾರ್ಥಿನಿ. ಗೈಡ್ ಕೊಟ್ಟ ಕೆಲಸ ಸ್ಪಷ್ಟವಾಗಿತ್ತು: ಆಕಾಶದಲ್ಲಿರೋ ರೇಡಿಯೋ ಮೂಲಗಳು ಮಿನುಗೋದನ್ನು ಅಳೆದು, ಅವುಗಳ ಗಾತ್ರ ಅಂದಾಜು ಮಾಡೋದು. ಅದಕ್ಕಾಗಿ ಎರಡು ವರ್ಷ ಉಳಿದವರ ಜೊತೆ ಗೂಟ ಹೊಡೆದು, ತಂತಿ ಎಳೆದು ನಾಲ್ಕೂವರೆ ಎಕರೆಯಷ್ಟು ದೊಡ್ಡ ದೂರದರ್ಶಕ ಕಟ್ಟಿದರು. 1967ರಲ್ಲಿ ಅದು ಕೆಲಸ ಶುರು ಮಾಡಿದ ಮೇಲೆ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೆರೆ ಬೀಳುತ್ತಿತ್ತು. ಅಷ್ಟನ್ನೂ ಬೆಲ್ ಕಣ್ಣಲ್ಲೇ ನೋಡಬೇಕು. ಹಾಗೆ ನೋಡುವಾಗ ಒಂದು ಕಡೆ ಸಣ್ಣದೊಂದು ಗೀಚು. ಅವರಿಗೆ ಬೇಕಾದ ಮಿನುಗೂ ಅಲ್ಲ, ಗೊತ್ತಿರೋ ಅಡಚಣೆಯೂ ಅಲ್ಲ. ಕೈ ಬಿಡದೆ ಹಿಂದೆ ಬಿದ್ದರು. ವೇಗವಾಗಿ ರೆಕಾರ್ಡ್ ಮಾಡಿ ನೋಡಿದರೆ ಸುಮಾರು 1.33 ಸೆಕೆಂಡಿಗೊಮ್ಮೆ ಗಡಿಯಾರದ ಹಾಗೆ ಬಡಿತ! ಮನುಷ್ಯರು ಮಾಡಿದ ಯಾವುದೋ ಸಿಗ್ನಲ್ ಇರಬೇಕು ಅಂತ ಗೈಡ್‌ಗೆ ಮೊದಲು ಅನಿಸಿತ್ತು. ಅದು ಮೊದಲ ಪಲ್ಸಾರ್. ಆ ಶತಮಾನದ ಖಗೋಳ ವಿಜ್ಞಾನದ ದೊಡ್ಡ ಶೋಧಗಳಲ್ಲಿ ಒಂದು.

ಆದರೆ ಅವರ ಪಿಎಚ್‌ಡಿ ಪ್ರಬಂಧದಲ್ಲಿ ಪಲ್ಸಾರ್ ಎಲ್ಲಿದೆ ಗೊತ್ತಾ? ಅನುಬಂಧದಲ್ಲಿ. ಪ್ರಬಂಧದ ವಿಷಯ ಮೊದಲೇ ನಿಶ್ಚಯವಾಗಿದ್ದ ರೇಡಿಯೋ ಮೂಲಗಳ ಗಾತ್ರದ್ದೇ. ಶೀರ್ಷಿಕೆ ಬದಲಾಯಿಸೋ ಹೊತ್ತು ಮೀರಿತ್ತು. 1974ರ ನೊಬೆಲ್ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಬಂತು, ಬೆಲ್‌ಗೆ ಬರಲಿಲ್ಲ. ಅದು ಅನ್ಯಾಯ ಅಂತ ಹೇಳೋರು ಇವತ್ತಿಗೂ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. 2018ರಲ್ಲಿ 30 ಲಕ್ಷ ಡಾಲರ್‌ನ ವಿಶೇಷ ಬ್ರೇಕ್‌ಥ್ರೂ ಬಹುಮಾನ ಬಂದಾಗ ಆಕೆ ಅಷ್ಟನ್ನೂ ಅವಕಾಶ ಕಡಿಮೆ ಇರೋ ಹಿನ್ನೆಲೆಯ ಪಿಎಚ್‌ಡಿ ವಿದ್ಯಾರ್ಥಿಗಳ ನೆರವಿಗೆ ಕೊಟ್ಟುಬಿಟ್ಟರು.

ನನಗೆ ಹಿಡಿಸಿದ್ದು ನೊಬೆಲ್ ವಿವಾದ ಅಲ್ಲ, ಆ ಅನುಬಂಧ. ಗೈಡ್ ಕೊಟ್ಟ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಮಾಡದಿದ್ದರೆ ಆ ಗೀಚು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾಗೇ, ಗೈಡ್ ಕೊಟ್ಟ ಕೆಲಸ ಮಾತ್ರ ಮಾಡಿದ್ದರೂ ಅದನ್ನು ‘ಅಡಚಣೆ’ ಅಂತ ಗುರುತು ಹಾಕಿ ಮುಂದೆ ಹೋಗಬಹುದಿತ್ತು.

ನಮ್ಮ ಕಂಪ್ಯೂಟರ್ ಮಂದಿಯ ದೇವರು ಕ್ಲಾಡ್ ಶ್ಯಾನನ್ ಕಥೆಯೂ ಇಂಥದ್ದೇ. ಎಂಐಟಿಯಲ್ಲಿದ್ದಾಗ, 1939ರಲ್ಲೇ, ಸಂದೇಶ ರವಾನೆಯ ಮೂಲ ತತ್ವಗಳ ಬಗ್ಗೆ ಯೋಚಿಸ್ತಿದ್ದೀನಿ ಅಂತ ವ್ಯಾನಿವರ್ ಬುಶ್‌ಗೆ ಪತ್ರ ಬರೆದಿದ್ದರು. ಆದರೆ ಅದೇ ಬುಶ್ ಸಲಹೆಯ ಮೇಲೆ ಪಿಎಚ್‌ಡಿ ಮಾಡಿದ್ದು ತಳಿಶಾಸ್ತ್ರದ ಗಣಿತದ ಮೇಲೆ! 1940ರಲ್ಲಿ ಡಿಗ್ರಿ ತಗೊಂಡರು, ಆ ಪ್ರಬಂಧವನ್ನು ಜರ್ನಲ್‌ನಲ್ಲಿ ಪ್ರಕಟಿಸೋ ಗೋಜಿಗೂ ಹೋಗಲಿಲ್ಲ. ಮನಸ್ಸಲ್ಲಿದ್ದ ವಿಷಯ ಹೊರಗೆ ಬಂದದ್ದು 1948ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ. ನಮ್ಮ ಮೊಬೈಲ್, ಇಂಟರ್ನೆಟ್ ಎಲ್ಲದರ ಕೆಳಗೆ ಇರೋದು ಆ ಲೇಖನದ ಗಣಿತ. ನನ್ನ ಗಂಡನಿಗೆ ಇದನ್ನು ಹೇಳಿದೆ. ‘ಹಾಗಾದ್ರೆ ನೀನೂ ಎಕ್ಸ್-ರೇ ಮಾಡಿ ಮುಗಿಸಿ ಆಮೇಲೆ ಕನ್ನಡ ಮಾಡು’ ಅಂದರು. ಶ್ಯಾನನ್‌ಗೆ ಆಗ ಇಪ್ಪತ್ತನಾಲ್ಕು ವರ್ಷ ಕಣ್ರೀ, ನನಗೆ ಮೂವತ್ತು ಅಂದೆ.

ಕತ್ತೆ ಕತೆಯಾದಾಗ

ದಾರಿ ಸಿಕ್ಕಿದ್ದು ಗೈಡ್ ಮನೆಯಲ್ಲಿದ್ದ ಹಳೇ ಪುಸ್ತಕಗಳ ಮಾತಿನಿಂದ. ಒಂದು ಶನಿವಾರ ಅವರು, ತಮ್ಮ ಅಜ್ಜನ ಕಾಲದ ಕನ್ನಡ ಪುಸ್ತಕಗಳು ಪುಡಿಪುಡಿಯಾಗ್ತಿವೆ, ಸ್ಕ್ಯಾನ್ ಮಾಡಿಸಿದ್ದೀನಿ, ಆದರೆ ಸ್ಕ್ಯಾನ್‌ನಲ್ಲಿ ಒಂದು ಪದ ಹುಡುಕೋಕೂ ಆಗಲ್ಲ ಅಂತ ಬೇಜಾರು ಮಾಡಿಕೊಂಡರು. ನಾನು ಮನೆಗೆ ಬಂದು ಎರಡು ವಾರ ಆ ಪುಟಗಳ ಮೇಲೆ ಟೆಸರಾಕ್ಟ್ ಓಡಿಸಿದೆ. ಚಿತ್ರದಲ್ಲಿರೋ ಅಕ್ಷರ ಓದೋ ಉಚಿತ ತಂತ್ರಾಂಶ ಇದು, ಕನ್ನಡವನ್ನೂ ಓದುತ್ತೆ. ಹೊಸ ಪುಸ್ತಕ ಕೊಟ್ಟರೆ ಪರವಾಗಿಲ್ಲ. ಹಳೇ ಅಚ್ಚಿನ ಪುಟ ಕೊಟ್ಟರೆ ತಮಾಷೆ ಶುರು.

ಕನ್ನಡದ ಕಷ್ಟ ಇರೋದು ಸಾಲಿನ ಕೆಳಗೆ. ಒತ್ತಕ್ಷರಗಳು ಕೆಳಗೆ ನೇತಾಡ್ತವೆ. ‘ರಾಷ್ಟ್ರ’ದಲ್ಲಿ ಒಂದಲ್ಲ, ಎರಡು. ಮೊಳೆ ಸವೆದು, ಮಸಿ ಹರಡಿ, ಸಾಲುಗಳು ಒತ್ತೊತ್ತಾಗಿ ಕೂತಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗಟ್ಟಿಗೆ ಅಂಟಿಕೊಳ್ಳುತ್ತೆ. ಇಲ್ಲವಾದರೆ ಯಂತ್ರ ಅದನ್ನು ಕೊಳೆ ಅಂತ ಅಳಿಸಿಬಿಡುತ್ತೆ. ಸೂರ್ಯದ ಅರ್ಕಾವತ್ತು ಯಂತ್ರದ ಕಣ್ಣಿಗೆ ಕನ್ನಡದ ಒಂಬತ್ತು. ಸೊನ್ನೆಗೂ ಅನುಸ್ವಾರಕ್ಕೂ ಅದಕ್ಕೆ ವ್ಯತ್ಯಾಸ ಇಲ್ಲ. ‘ಧ’ದ ಸಣ್ಣ ಗೀಟು ಮಾಸಿದರೆ ಅದು ‘ದ’. ಒಂದು ಪುಟದಲ್ಲಂತೂ ಕತ್ತೆಯ ಒತ್ತು ಕಳೆದುಹೋಗಿ ಅಗಸನ ಮನೆಯ ಮುಂದೆ ‘ಕತೆ’ ನಿಂತಿತ್ತು.

ಅದನ್ನು ಪ್ರಿಂಟ್ ತೆಗೆದು ಗೈಡ್ ಮುಂದೆ ಇಟ್ಟೆ. ಮೊದಲ ಸಲ ಅವರು ನನ್ನ ವಿಷಯಕ್ಕೆ ನಕ್ಕಿದ್ದು. ಆಮೇಲೆ ಪೆನ್ನು ತೆಗೆದರು. ಸಾಲು ಬಿಡಿಸೋದು, ಒತ್ತನ್ನು ಅದರ ಅಕ್ಷರಕ್ಕೇ ಜೋಡಿಸೋದು ಇದೆಲ್ಲ ಅವರ ಮನೆ ಅಂಗಳ. ಮುಕ್ಕಾಲು ಗಂಟೆ ಬಿಡದೆ ಮಾತಾಡಿದರು. ಎಕ್ಸ್-ರೇಯಲ್ಲಿ ಪಕ್ಕೆಲುಬಿನ ನೆರಳನ್ನು ಬೇರ್ಪಡಿಸೋ ವಿಧಾನವನ್ನೇ ಇಲ್ಲಿ ಸ್ವಲ್ಪ ಬದಲಾಯಿಸಿ ನೋಡು ಅಂದರು. ಅಷ್ಟು ಹೊತ್ತಿಗೆ ನಾನು ನನ್ನ ಮಾತು ಹೇಳಿದೆ: ‘ಸರ್, ಚಿತ್ರ ಎಷ್ಟೇ ಚೆನ್ನಾಗಿ ಓದಿದರೂ ಕತ್ತೆ-ಕತೆ ಉಳಿದೇ ಉಳಿಯುತ್ತೆ. ಎರಡೂ ನಿಜವಾದ ಪದ. ನಿಘಂಟು ಇಟ್ಟುಕೊಂಡು ಹುಡುಕಿದರೂ ಸಿಕ್ಕಿಹಾಕಿಕೊಳ್ಳಲ್ಲ. ಕನ್ನಡದ ಒಂದೊಂದು ಪದಕ್ಕೂ ಸಾವಿರ ರೂಪ, ಎಲ್ಲವೂ ನಿಘಂಟಿನಲ್ಲಿ ಇರೋದೂ ಇಲ್ಲ. ಪದ ಎಲ್ಲಿ ಮುರಿಯುತ್ತೆ ಅನ್ನೋದು ಯಂತ್ರಕ್ಕೆ ಗೊತ್ತಾಗಬೇಕು.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ನಾಲ್ಕನೇ ಅಧ್ಯಾಯ ಮಾಡು’ ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನನ್ನ ಹಾಗೆ ಎಲ್ಲರಿಗೂ ನಡುದಾರಿ ಸಿಗುತ್ತೆ ಅಂತ ನಾನು ಹೇಳೋದಿಲ್ಲ. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿರೋ ಗೆಳತಿಯೊಬ್ಬಳ ಗೈಡ್ ನಾಲ್ಕು ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ಸಿಕ್ಕಾಗ ಅವಳ ಪೇಪರ್‌ಗೆ ಕೆಲಸವನ್ನೇ ಮಾಡದ ಇಬ್ಬರ ಹೆಸರು ಸೇರಿಸು ಅಂತಾರೆ, ಮಗನ ಕಾಲೇಜ್ ಅರ್ಜಿ ತುಂಬಿಸ್ತಾರೆ. ಇಂಥ ಕಡೆ ಆಸಕ್ತಿ, ನಿರೀಕ್ಷೆ ಅಂತೆಲ್ಲ ದೊಡ್ಡ ಮಾತು ವ್ಯರ್ಥ. ಅವಳಿಗೆ ನಾನು ಹೇಳಿದ್ದು, ಗೈಡ್ ಬದಲಾಯಿಸೋ ಅರ್ಜಿ ಹಾಕು ಅಂತ. ‘ಜಿದ್ದು ಸಾಧಿಸಿದರೆ?’ ಅಂತ ಹೆದರ್ತಾಳೆ. ಆ ಹೆದರಿಕೆ ಸುಳ್ಳು ಅನ್ನೋ ಧೈರ್ಯ ನನಗಿಲ್ಲ.

ಆದರೆ ನಿಯಮಗಳನ್ನು ಓದಿಕೊಂಡಿರಬೇಕು. ಯುಜಿಸಿ 2022ರ ನವೆಂಬರ್‌ನಲ್ಲಿ ತಂದ ಪಿಎಚ್‌ಡಿ ನಿಯಮಾವಳಿ ಎಲ್ಲರಿಗೂ ಸಿಗುತ್ತೆ, ಹೆಚ್ಚು ಪುಟಗಳೇನೂ ಇಲ್ಲ. ನನ್ನ ಜೊತೆ ಸೇರಿದವರಲ್ಲಿ ಅದನ್ನು ಪೂರ್ತಿ ಓದಿದವರು ಇಬ್ಬರೇ. ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆ 2. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ ಸಂಶೋಧನೆಯ ದತ್ತಾಂಶವನ್ನು ಹೊಸ ಸಂಸ್ಥೆಗೆ ಒಯ್ಯೋ ಅವಕಾಶ ಇದೆ. (ನಮ್ಮತ್ತೆಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಹೆರಿಗೆ ರಜೆ ಒಂದೇ.) ಮೊದಲು ಪ್ರಬಂಧ ಸಲ್ಲಿಸೋಕೆ ಜರ್ನಲ್‌ನಲ್ಲಿ ಒಂದು ಪೇಪರ್ ಬರಲೇಬೇಕು ಅಂತಿತ್ತು. ಈ ನಿಯಮಾವಳಿ ಅದನ್ನು ಕೈಬಿಟ್ಟಿದೆ. ಆದರೂ ಸಂಸ್ಥೆಗಳು ತಮ್ಮದೇ ಷರತ್ತು ಇಟ್ಟುಕೊಳ್ಳಬಹುದು, ನಮ್ಮಲ್ಲಿ ಇಟ್ಟುಕೊಂಡಿದ್ದಾರೆ.

ಎಲ್ಲಕ್ಕಿಂತ ಉಪಯೋಗದ್ದು ಸಂಶೋಧನಾ ಸಲಹಾ ಸಮಿತಿ. ಪ್ರತಿ ಸೆಮಿಸ್ಟರ್ ಅದರ ಮುಂದೆ ನಿಂತು ಪ್ರಗತಿ ಹೇಳಬೇಕು. ಇದನ್ನು ನಾವೆಲ್ಲ ಶಿಕ್ಷೆ ಅಂದುಕೊಂಡಿರ್ತೀವಿ. ಸಂಶೋಧನೆಯ ವಿಷಯವನ್ನು ಅಂತಿಮ ಮಾಡೋ ಅಧಿಕಾರ ಆ ಸಮಿತಿಯದ್ದು. ಅದರ ಸಂಚಾಲಕರು ಗೈಡೇ ನಿಜ, ಆದರೆ ಉಳಿದ ಸದಸ್ಯರ ಮುಂದೆ ಒಮ್ಮೆ ಮಿನಿಟ್ಸ್‌ನಲ್ಲಿ ದಾಖಲಾದ ವಿಷಯವನ್ನು ಮುಂದಿನ ಶನಿವಾರ ಸುಲಭವಾಗಿ ಬದಲಾಯಿಸೋಕೆ ಯಾರಿಗೂ ಆಗಲ್ಲ. ಆಫೀಸಿನ ಅಭ್ಯಾಸವೊಂದನ್ನು ನಾನು ಇಲ್ಲೂ ತಂದಿದ್ದೀನಿ. ಗೈಡ್ ಭೇಟಿ ಮುಗಿದ ರಾತ್ರಿ ಐದು ಸಾಲಿನ ಮೇಲ್ ಹಾಕ್ತೀನಿ: ಏನು ಮಾತಾಡಿದೆವು, ಏನು ಒಪ್ಪಿದೆವು, ಮುಂದೆ ಯಾರು ಏನು ಮಾಡಬೇಕು. ಮೊದಲೆರಡು ಸಲ ‘ಇದೆಲ್ಲ ಯಾಕಮ್ಮ?’ ಅಂದರು. ಈಗ ಮೇಲ್ ತಡವಾದರೆ ಅವರೇ ಫೋನ್ ಮಾಡ್ತಾರೆ. ಅವರಿಗೂ ಏಳು ವಿದ್ಯಾರ್ಥಿಗಳ ವಿಷಯ ನೆನಪಿಡಬೇಕಲ್ಲ.

ಎಕ್ಸ್-ರೇ ಪೂರ್ತಿ ತಪ್ಪಲಿಲ್ಲ. ಅವರ ಇನ್ನೊಬ್ಬ ವಿದ್ಯಾರ್ಥಿಯ ಪೇಪರ್‌ಗೆ ಕೋಡ್ ಬರೆದುಕೊಟ್ಟೆ, ನನ್ನ ಹೆಸರು ಮೂರನೇದಾಗಿ ಬಂತು. ಎರಡು ತಿಂಗಳ ಶನಿವಾರಗಳು ಅದಕ್ಕೆ ಹೋದವು. ಕೊಡೋದು ತಗೊಳ್ಳೋದು ಇರುತ್ತೆ. ನನ್ನ ಮೊದಲ ಪೇಪರ್, ಒತ್ತಕ್ಷರ ಬೇರ್ಪಡಿಸೋದರ ಬಗ್ಗೆ, ಈಗ ರಿವ್ಯೂನಲ್ಲಿದೆ. ಅದು ಹೆಚ್ಚುಕಡಿಮೆ ಗೈಡ್ ಶೈಲಿಯ ಪೇಪರ್. ಪದ ಮುರಿಯೋ ಕೆಲಸ ಅದರಲ್ಲಿ ಒಂದು ಪ್ಯಾರಾ ಅಷ್ಟೇ.

ಮುಂದಿನ ಸಮಿತಿ ಸಭೆಗೆ ಹದಿನೈದು ದಿನ ಇದೆ. ನಾಲ್ಕನೇ ಅಧ್ಯಾಯವನ್ನು ಚಿಕ್ಕದು ಮಾಡು, ಸಮಿತಿಯವರು ಇದು ಭಾಷಾ ವಿಭಾಗದ ಕೆಲಸ ಅಂದಾರು ಅಂತ ಗೈಡ್ ಮೊನ್ನೆ ಹೇಳಿದರು. ಮೂರು ಸ್ಲೈಡ್ ತೆಗೆದೆ, ಐದು ಇಟ್ಟುಕೊಂಡಿದ್ದೀನಿ. ಕತ್ತೆಯ ಪುಟದ ಸ್ಕ್ಯಾನ್ ಅದರಲ್ಲಿ ಮೊದಲನೇದು. ಹೊಸ ಮಾದರಿಗೆ ತರಬೇತಿ ನಿನ್ನೆ ರಾತ್ರಿ ಶುರು ಮಾಡಿದ್ದೀನಿ, ನನ್ನ ಲ್ಯಾಪ್‌ಟಾಪ್ ವೇಗಕ್ಕೆ ಮುಗಿಯೋಕೆ ಭಾನುವಾರ ಆಗುತ್ತೆ. ಅಲ್ಲಿವರೆಗೆ ಅದನ್ನು ಯಾರೂ ಮುಟ್ಟಬಾರದು ಅಂತ ಮನೆಯಲ್ಲಿ ಚೀಟಿ ಅಂಟಿಸಿದ್ದೀನಿ.